ಇಲಿಯ ಋಣ

ಇಲಿ ಎಂದಾಗ ನಮಗೆ ನೆನಪಾಗುವುದು ಬೋನು ಮತ್ತು ಪಾಷಾಣ. ಅದರ ವಿಷಯದಲ್ಲಿ ನ್ಯಾಯ, ಅನ್ಯಾಯ ಎಂದು ಮಾತೆತ್ತಿದರೆ ನಗುವವರೇ ಹೆಚ್ಚು. ಆದರೆ ಪ್ರಯೋಗಾಲಯದ ಇಲಿಯ ವಿಷಯದಲ್ಲಿ ನಾವು ಅಷ್ಟು ಸುಲಭವಾಗಿ ನಗಲಾರೆವು.

ಬದುಕಿನುದ್ದಕ್ಕೂ ರಕ್ತಕಣಗಳನ್ನು ಹುಟ್ಟಿಸುವ ಆಕರಕೋಶಗಳು ಮೂಳೆಯ ಮಜ್ಜೆಯಲ್ಲಿರುತ್ತವೆ. ಅವುಗಳಲ್ಲೇ ವಂಶಪಾರಂಪರ್ಯವಾಗಿ ದೋಷವಿದ್ದರೆ ಟಾನಿಕ್ಕು, ಮಾತ್ರೆಗಳಿಂದ ರಕ್ತಹೀನತೆ ಬುಡಸಮೇತ ಹೋಗದು. 1950ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ತಳಿವಿಜ್ಞಾನಿ ಎಲಿಜಬೆತ್ ರಸೆಲ್ ಮತ್ತು ಅವರ ಸಂಗಡಿಗರು, ಹುಟ್ಟಿನಿಂದಲೇ ರಕ್ತಹೀನತೆಯಿದ್ದ ಇಲಿಗಳಿಗೆ ಆರೋಗ್ಯವಂತ ಇಲಿಗಳ ಇಂಥ ಕೋಶಗಳನ್ನು ಕಸಿ ಮಾಡಿ ಗುಣಪಡಿಸಿದರು. ಆ ಇಲಿಗಳಿಗೆ ರೋಗ ಪ್ರಕೃತಿಯಿಂದ ಬಂದಿತ್ತು.

2007ರಲ್ಲಿ ರುಡಾಲ್ಫ್ ಯಾನಿಷ್ ಮತ್ತು ಟಿಮ್ ಟೌನ್ಸ್ ಅವರ ತಂಡಗಳು ಇನ್ನೂ ಮುಂದೆ ಹೋದವು. ಈ ಇಲಿಗಳಿಗೆ ಸಿಕಲ್ ಸೆಲ್ ರಕ್ತಹೀನತೆಯನ್ನು ಉಂಟುಮಾಡುವ ಮಾನವ ಜೀನನ್ನು ಸೇರಿಸಿದವರು ಮನುಷ್ಯರೇ. ಇಲಿಯ ಬಾಲದ ಚರ್ಮದ ಕೋಶಗಳನ್ನು ಆಕರಕೋಶಗಳಾಗಿ ಮಾರ್ಪಡಿಸಿ, ದೋಷ ತಿದ್ದಿ, ಅವುಗಳಿಂದ ಪಡೆದ ರಕ್ತೋತ್ಪಾದಕ ಕೋಶಗಳನ್ನು ಕಸಿ ಮಾಡಿದಾಗ ಕಾಯಿಲೆ ಹತೋಟಿಗೆ ಬಂತು. ಭ್ರೂಣವನ್ನು ಬಳಸದೆ ಇದು ಸಾಧ್ಯವಾದದ್ದು ಆ ಕಾಲದ ಒಂದು ದೊಡ್ಡ ನೈತಿಕ ತೊಡಕನ್ನು ಸಡಿಲಿಸಿತು. ಇಲಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಮಗುವಿನ ನೋವನ್ನು ನೀಗಲು ಅದೇ ನೋವನ್ನು ಇನ್ನೊಂದು ಜೀವಿಯಲ್ಲಿ ಹುಟ್ಟಿಸುವ ಹಕ್ಕು ನಮಗಿದೆಯೇ?

ಇಲಿಗಿಂತ ಮಗು ದೊಡ್ಡದು, ಇದರಲ್ಲಿ ಚರ್ಚೆಯೇ ಬೇಡ ಎನ್ನುವವರಿದ್ದಾರೆ. ಮೂಳೆ ಮುರಿಯುವಂಥ ನೋವಿನಿಂದ ರಾತ್ರಿಯಿಡೀ ಅಳುವ ಮಗುವಿನ ತಾಯಿಗೆ ನಾವೂ ಬೇರೆ ಮಾತು ಹೇಳಲಾರೆವು. ಆದರೆ ಅಗತ್ಯವು ಅನುಮತಿ ಕೊಟ್ಟೀತೇ ಹೊರತು ಋಣ ತೀರಿಸದು. 1959ರಲ್ಲಿ ಬ್ರಿಟನ್ನಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಹೇಳಿದಂತೆ, ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ದಾರಿ ಹುಡುಕಬೇಕು. ಸಾಧ್ಯವಿಲ್ಲದಲ್ಲಿ ಪ್ರಾಣಿಗಳ ಸಂಖ್ಯೆಯನ್ನೂ ಅವುಗಳ ನೋವನ್ನೂ ತಗ್ಗಿಸಬೇಕು. ಇದು ಋಣದ ಮೊದಲ ಕಂತು.

ಎರಡನೆಯ ಕಂತು ಕಟ್ಟಬೇಕಾದದ್ದು ಸಮಾಜ. 2023ರ ಡಿಸೆಂಬರ್‌ನಲ್ಲಿ ಅಮೆರಿಕವು ಸಿಕಲ್ ಸೆಲ್ ರೋಗಿಯದೇ ಆಕರಕೋಶಗಳನ್ನು ತಿದ್ದಿ ಮರಳಿ ಸೇರಿಸುವ ಕ್ಯಾಸ್‌ಜೆವಿ ಚಿಕಿತ್ಸೆಗೆ ಒಪ್ಪಿಗೆ ನೀಡಿತು. ಅಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಈ ಕಾಯಿಲೆ ಹೆಚ್ಚಾಗಿರುವುದು ಆಫ್ರಿಕದ ಬಡ ದೇಶಗಳಲ್ಲಿ, ಭಾರತದ ಆದಿವಾಸಿಗಳಲ್ಲಿ. ನಮ್ಮ ಚಾಮರಾಜನಗರದ ಸೋಲಿಗರಲ್ಲೂ ಇದೆ.

ಇಲಿಗೆ ರೋಗ ಅಂಟಿಸುವಾಗ ನಾವು ಕೊಟ್ಟ ಕಾರಣ ನರಳುವ ಮಕ್ಕಳದ್ದು. ಮದ್ದು ಸಿದ್ಧವಾದ ಮೇಲೆ ಅದು ಉಳ್ಳವರ ಮಕ್ಕಳಿಗಷ್ಟೇ ಸಿಗುವುದಾದರೆ ಆ ಕಾರಣವೇ ಸುಳ್ಳಾಗುತ್ತದೆ. ಸೋಲಿಗರ ಪೋಡಿನ ಮಗುವಿಗೂ ಚಿಕಿತ್ಸೆ ತಲುಪುವ ತನಕ ಇಲಿಯ ಲೆಕ್ಕ ನಮ್ಮ ಹೆಸರಿನಲ್ಲಿ ಬಾಕಿಯೇ ಇರುತ್ತದೆ.