ಹಾಡು ಬೇಕು, ಹಾಡಿದವಳು ಬೇಡವೇ?

ಪಶ್ಚಿಮದ ಸಂಗೀತದಲ್ಲಿ ಹೆಣ್ಣಿನ ಅತಿ ಎತ್ತರದ ದನಿಗೆ ಸೊಪ್ರಾನೊ ಅಂತಾರೆ, ಅತಿ ತಗ್ಗಿನ ದನಿಗೆ ಕಾಂಟ್ರಾಲ್ಟೊ ಅಂತಾರೆ. ಎತ್ತರ ತಗ್ಗು ಅಲ್ಲಿ ದನಿಗೆ ಸೇರಿದ ಮಾತು. ನಮ್ಮಲ್ಲಿ ಹಾಗಲ್ಲ. ಹಾಡುವವಳು ಬಾಯಿ ತೆರೆಯುವ ಮೊದಲೇ ಅವಳ ಎತ್ತರ ತಗ್ಗು ತೀರ್ಮಾನವಾಗಿರುತ್ತದೆ. ಯಾವ ಕೇರಿಯವಳು, ಯಾರ ಮಗಳು, ಅವಳ ಅಜ್ಜಿ ಯಾರು? ಇದೇ ನಮ್ಮ ಸಮಾಜದ ಶ್ರುತಿಪೆಟ್ಟಿಗೆ.

ಗಂಗೂಬಾಯಿ ಹಾನಗಲ್ ಅವರ ಬದುಕನ್ನು ನಾವು ಈ ದಿಕ್ಕಿನಿಂದ ನೋಡಬೇಕಾಗಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಗಂಗಾಮತದವರು, ಹಾಡುವ ಹೆಣ್ಣುಮಕ್ಕಳ ಮನೆತನ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ತಾನಿ ಕಲಿಸಬೇಕು, ತನ್ನ ಹಾಡು ಅವಳ ಕಿವಿಗೆ ಅಡ್ಡ ಬರಬಾರದು ಎಂದು ಆಕೆ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟಳು. ನೆರೆಯ ಮೇಲ್ಜಾತಿಯವರ ತೋಟದಲ್ಲಿ ಈ ಮಗು ಮಾವಿನಹಣ್ಣು ಕಿತ್ತದ್ದಕ್ಕೆ ಬೈದು ಓಡಿಸಿದ್ದುಂಟು. ಅವರಿಗೆ ಹೋದ ಹಣ್ಣಿನ ಚಿಂತೆಯಲ್ಲ, ಹಾಡುವವಳ ಮಗಳು ತೋಟಕ್ಕೆ ಕಾಲಿಟ್ಟಳಲ್ಲ ಎಂಬ ಚಿಂತೆ.

1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ. ಹನ್ನೊಂದು ವರ್ಷದ ಹುಡುಗಿ ಅಲ್ಲಿ ಹಾಡಿದಳು. ದೇಶದ ಬಿಡುಗಡೆಗಾಗಿ ಸೇರಿದ ಸಭೆ ಅದು. ಆದರೆ ಹುಡುಗಿಯ ಎದೆಯೊಳಗೆ ಇದ್ದದ್ದು ಬೇರೆಯೇ ಅಂಜಿಕೆ: ಊಟವಾದ ಮೇಲೆ ಎಲೆ ಎತ್ತಲು, ನೆಲ ಬಳಿಯಲು ತನಗೆ ಹೇಳಿಯಾರೋ! ಮುಂದೆ ಅವರೇ ಇದನ್ನು ನೆನೆದಿದ್ದಾರೆ. ಸ್ವಾತಂತ್ರ್ಯದ ಪಂದಿಯಲ್ಲಿ ತನ್ನ ಎಲೆ ಎಲ್ಲಿ ಎಂದು ಒಂದು ಮಗು ಹೆದರಬೇಕಾಗಿ ಬಂತು ಅಂದರೆ, ಅದು ಯಾರ ಸ್ವಾತಂತ್ರ್ಯ ಅಂತ ಕೇಳದೆ ಇರೋದು ಹೇಗೆ?

ಮುಂದೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಬೀದಿಯಲ್ಲಿ ನಡೆದರೆ 'ಗಾನೇವಾಲಿ' ಎಂಬ ಮೂದಲಿಕೆ. ಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಅವರ ದನಿ ಎತ್ತರದ್ದು, ತೆಳುವಾದದ್ದು. ಆಮೇಲೆ ಗಂಟಲಿನ ತೊಂದರೆ ಬಂದು, ಚಿಕಿತ್ಸೆಯಾಗಿ, ದನಿ ಗಂಡುದನಿಯಷ್ಟು ದಪ್ಪವಾಯಿತು. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರೋ ಏನೋ. ಈಕೆ ಆ ದನಿಯನ್ನೇ ತನ್ನ ಗುರುತು ಮಾಡಿಕೊಂಡರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ.

ಇಷ್ಟು ಹೇಳಿದ ಕೂಡಲೇ ಕೆಲವು ಗೆಳೆಯರು ಅಂತಾರೆ: 'ನೋಡಿ, ಕಲೆಗೆ ಜಾತಿ ಇಲ್ಲ. ಕೊನೆಗೆ ನ್ಯಾಯ ಸಿಕ್ಕಿತಲ್ಲ!'

ಸಿಕ್ಕಿತೇ? ಅದೇ ತೋಟಕ್ಕೆ ಕಾಲಿಟ್ಟು, ಅದೇ ಬೈಗಳು ತಿಂದು, ಆದರೆ ಗಂಗೂಬಾಯಿ ಆಗದೆ ಉಳಿದ ಹುಡುಗಿಯ ಪಾಡೇನು? ಅವಳ ಗಂಟಲು ಸಾಧಾರಣ. ರಾಗ ಗೊತ್ತಿಲ್ಲ. ಪದ್ಮ ಪ್ರಶಸ್ತಿ ಬರೋದಿಲ್ಲ. ಅವಳಿಗೆ ಆದ ಅವಮಾನ ನ್ಯಾಯವಾದದ್ದೇ? ಮೆಚ್ಚುಗೆ ಬೇರೆ, ಘನತೆ ಬೇರೆ. ಮೆಚ್ಚುಗೆಯನ್ನು ದುಡಿದು ಗಳಿಸಬೇಕು. ಘನತೆಯನ್ನು ಯಾರೂ ಗಳಿಸಬೇಕಿಲ್ಲ, ಅದು ಮನುಷ್ಯರಾಗಿ ಹುಟ್ಟಿದ ಎಲ್ಲರದೂ. ಜಾತಿ ಮಾಡಿದ ಮೋಸ ಇದು: ಅವಮಾನವನ್ನು ಹುಟ್ಟಿನಿಂದಲೇ ಕೊಟ್ಟು, ಘನತೆಯನ್ನು ಬಹುಮಾನ ಮಾಡಿ ಎತ್ತರದಲ್ಲಿ ಕಟ್ಟಿತು. ಎಗರಿ ಮುಟ್ಟಿದ ಒಬ್ಬರನ್ನು ತೋರಿಸಿ, ಮುಟ್ಟಲಾರದ ಸಾವಿರಾರು ಮಂದಿಯ ಬಾಯಿ ಮುಚ್ಚಿಸುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಕರಿಯ ಗಾಯಕಿ ಮರಿಯನ್ ಆಂಡರ್ಸನ್‌ಗೆ 1939ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಸಭಾಂಗಣ ಕೊಡಲಿಲ್ಲ. ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದಳು. ಸುಮಾರು 75,000 ಜನ ಬಯಲಲ್ಲಿ ಸೇರಿ ಕೇಳಿದರು. ಆದರೆ ಆ ಜನರೊಳಗಿದ್ದ ಎಷ್ಟೋ ಕರಿಯರು ಹಾಡು ಮುಗಿಸಿ ಹೋದದ್ದು ಅದೇ ಬೇರೆ ಶಾಲೆಗಳಿಗೆ, ಅದೇ ಬೇರೆ ಹೋಟೆಲುಗಳಿಗೆ.

ಈಗ ನಮ್ಮ ಊರಿಗೆ ಬರೋಣ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ನಮಗೆಲ್ಲ ಹೆಮ್ಮೆ. ಸಾವಿಗೆ, ಜಾತ್ರೆಗೆ ಬಿಟ್ಟಿ ಬಡಿಸಿಕೊಂಡ ಊರುಗಳಲ್ಲಿ ತಮಟೆಯನ್ನು ಬಿಸಾಡಿ ಎಂದವರು ನಮ್ಮವರೇ. ಅವರು ಹೇಳಿದ್ದು ತಪ್ಪಲ್ಲ. ತಮಟೆಯನ್ನು ಕಲೆಯೆಂದು ಎತ್ತಿ ಹಿಡಿದವರದೂ ತಪ್ಪಲ್ಲ. ಎರಡನ್ನೂ ಕೂಡಿಸುವ ಪ್ರಶ್ನೆ ಒಂದೇ: ಬಡಿಯುವವನಿಗೆ 'ಇವತ್ತು ಬಡಿಯಲ್ಲ, ಹೋಗ್ರಿ' ಅನ್ನುವ ಹಕ್ಕು ಇದೆಯೇ? ಒಲ್ಲೆ ಎನ್ನಲು ಬರದ ಕಡೆ ಕಲೆಯೂ ಬಿಟ್ಟಿಯೇ. ಒಲ್ಲೆ ಅಂದ ಮೇಲೂ ಅವನಿಗೆ ಕೂಲಿ ಸಿಕ್ಕು, ಹೋಟೆಲಿನ ಲೋಟ ಎಲ್ಲರ ಜೊತೆ ಸಿಕ್ಕರೆ, ಆಗ ತಮಟೆಗೂ ಗೌರವ ಬಂತು ಅನ್ನೋಣ.

ನಮ್ಮನ್ನೂ ನಾವು ಕೇಳಿಕೊಳ್ಳಬೇಕು. ನಮ್ಮ ಸಭೆಗಳು ಹೋರಾಟದ ಹಾಡಿನಿಂದ ಶುರುವಾಗುತ್ತವೆ. ಹಾಡಿದ ಹೆಣ್ಣುಮಗಳನ್ನು ಚಪ್ಪಾಳೆ ತಟ್ಟಿ ಕೆಳಗಿಳಿಸುತ್ತೇವೆ. ಆಮೇಲೆ ಮೂರು ಗಂಟೆ ಗಂಡಸರ ಭಾಷಣ, ಅವಳು ಟೀ ಲೋಟ ಎಣಿಸುತ್ತಿರುತ್ತಾಳೆ. ಬೆಳಗಾವಿಯ ಎಲೆಗೂ ನಮ್ಮ ಲೋಟಕ್ಕೂ ದೂರ ಎಷ್ಟು? ಅಂಬಾಬಾಯಿ ಮಗಳಿಗಾಗಿ ನುಂಗಿದ ಹಾಡನ್ನು ತ್ಯಾಗವೆಂದು ಹೊಗಳುವುದು ಸುಲಭ. ನಮ್ಮ ಮನೆಗಳಲ್ಲಿ ಯಾರ ದನಿ ಯಾರಿಗಾಗಿ ನಿಂತಿದೆ ಎಂದು ಕೇಳುವುದು ಕಷ್ಟ.

ಗೌರಿಬಿದನೂರು, ಚಿಂತಾಮಣಿ ಕಡೆಯ ಶಾಲೆಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳೇ, ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಚೆನ್ನಾಗಿ ಹಾಡುವ ಮಗುವನ್ನು ಮುಂದೆ ನಿಲ್ಲಿಸಿ, ಬೇಡ ಅನ್ನುವುದಿಲ್ಲ. ಆದರೆ ದನಿ ಒಡೆದ ಮಗುವೂ ಸಾಲಿನಲ್ಲಿದೆ. ಅದರ ಅವ್ವ ಶಿಡ್ಲಘಟ್ಟದ ಫಿಲೇಚರಿನಲ್ಲಿ ಬಿಸಿನೀರಿಗೆ ಕೈಯಿಟ್ಟು ನೂಲು ತೆಗೆಯುತ್ತಿರಬಹುದು. ಆ ಮಗು ಜಗತ್ತಿಗೆ ಏನನ್ನೂ ರುಜುವಾತು ಮಾಡಬೇಕಾಗಿಲ್ಲ. ಮಧ್ಯಾಹ್ನದ ಊಟಕ್ಕೆ ಅದು ಹೆದರದೆ ಎಲ್ಲರ ಪಕ್ಕ ಕೂತು ತಟ್ಟೆ ಚಾಚಿದ ದಿನ, ಬೆಳಗಾವಿಯಲ್ಲಿ ಹಾಡಿದ ಆ ಹನ್ನೊಂದು ವರ್ಷದ ಹುಡುಗಿಗೆ ನಾವು ಸಲ್ಲಿಸಬೇಕಾದ ಸಾಲದಲ್ಲಿ ಸ್ವಲ್ಪವಾದರೂ ತೀರುತ್ತದೆ.