ಕೌದಿಯ ಹೊಟ್ಟೆ

2020ರ ಯುಗಾದಿ ಮಾರ್ಚ್ 25ರ ಬುಧವಾರ ಬಂತು. ಹಿಂದಿನ ರಾತ್ರಿ ಎಂಟಕ್ಕೆ ಟೀವಿಯಲ್ಲಿ ಘೋಷಣೆ, ಹನ್ನೆರಡಕ್ಕೆ ದೇಶವೇ ಬಂದ್. ಬೇವು-ಬೆಲ್ಲಕ್ಕೆ ನಾಲ್ಕೆಸಳು ಬೇವು ತರಲು ಕೆಳಗಿಳಿಯಬೇಕೋ ಬೇಡವೋ ಎಂಬ ಚರ್ಚೆಯಲ್ಲೇ ನಮ್ಮ ಮನೆಯ ಬೆಳಗು ಕಳೆಯಿತು. ಪುಣೆಯ ನಮ್ಮ ಸೊಸೈಟಿಯಲ್ಲಿ ಗುಡಿ ಏರಿಸಿದವರೂ ಆ ಸಲ ಬಾಲ್ಕನಿಯ ಒಳಗೇ ನಿಂತು ಏರಿಸಿದರು. ಊಟವಾದ ಮೇಲೆ ಮಾಡಲು ಏನೂ ಇರಲಿಲ್ಲ. ಮಂಚದ ಕೆಳಗಿನಿಂದ ಅವ್ವನ ಟ್ರಂಕು ಎಳೆದೆ.

ಅವ್ವ ತೀರಿಕೊಂಡು ಏಳು ತಿಂಗಳಾಗಿತ್ತು. ದೀಪಾವಳಿಗೆ ಬಾಗಲಕೋಟೆ ಕಡೆಯ ನಮ್ಮೂರಿಗೆ ಹೋದಾಗ ಆ ಟ್ರಂಕನ್ನು ತಂದಿದ್ದೆ. ಒಳಗೆ ಹದಿನಾಲ್ಕು ಸೀರೆ, ಅದರಲ್ಲಿ ಒಂಬತ್ತು ಇಳಕಲ್ಲಿನವು. ಮೈ ಹತ್ತಿಯದು, ಸೆರಗು ರೇಷ್ಮೆಯದು, ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸಿದ್ದು. ಇವುಗಳಿಂದ ಒಂದು ಕೌದಿ ಹೊಲಿಯಬೇಕು ಎಂದುಕೊಂಡೇ ತಂದಿದ್ದೆ. ಆಮೇಲೆ ಆಫೀಸು, ವರ್ಷಾಂತ್ಯದ ಲೆಕ್ಕ ಅಂತ ಅದು ಅಲ್ಲೇ ಉಳಿದಿತ್ತು.

ಕೌದಿ ಹೊಲಿಯುವುದನ್ನು ನೋಡದವರಿಗಾಗಿ ಎರಡು ಮಾತು. ಹೊಸ ಬಟ್ಟೆಯಿಂದ ಕೌದಿ ಮಾಡುವುದಿಲ್ಲ. ಉಟ್ಟು, ಒಗೆದು, ಮೆತ್ತಗಾದ ಹಳೆಯ ಸೀರೆ-ಧೋತರವೇ ಬೇಕು. ಒಂದನ್ನು ತಳಕ್ಕೆ ಹಾಸಿ, ಮೇಲೆ ಪದರು ಪದರಾಗಿ ತುಂಡುಗಳನ್ನು ಜೋಡಿಸಿ, ಜರುಗದಂತೆ ಮೂಲೆಗೊಂದು ತಂಬಿಗೆಯನ್ನೋ ಕಲ್ಲನ್ನೋ ಇಡುತ್ತಾರೆ. ಅಂಚಿನಿಂದ ಹೊಲಿಗೆ ಶುರು. ಸುತ್ತುತ್ತ ಸುತ್ತುತ್ತ ಒಳಕ್ಕೆ ಬಂದರೆ ಕಡೆಯ ಹೊಲಿಗೆ ನಟ್ಟನಡುವೆ ಬೀಳುತ್ತದೆ. ಅಲ್ಲಿ ಅಂಗೈಯಗಲ ಜಾಗ ಉಳಿದಾಗ ನಮ್ಮ ಆಯಿ ಒಂದು ಚೂರು ರೊಟ್ಟಿ ಇಟ್ಟು ಹೊಲಿದುಬಿಡುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿಸದೆ ಬಿಡಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎನ್ನುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆಲ್ಲ ಬುದ್ಧಿ ಹೇಳುತ್ತಿದ್ದವಳೂ ಆಕೆಯೇ. ಆದರೆ ಮೊಮ್ಮಕ್ಕಳ ಕಾಲು ಬೆಳೆದಾಗ ತಾನು ಮಾಡಿದ್ದು ಕೌದಿಗೆ ಇನ್ನೊಂದು ಸಾಲು ತುಂಡು ಹಚ್ಚಿ ಹಾಸಿಗೆಯನ್ನೇ ಉದ್ದ ಮಾಡಿದ್ದು.

ಆ ದಿನಗಳ ದಿನಚರಿ ನಿಮಗೂ ನೆನಪಿರುತ್ತದೆ. ಇಸ್ತ್ರಿ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು, ಮಲಗುವ ಕೋಣೆಯಲ್ಲಿ ಗಂಡನ ಕಾಲ್‌ಗಳು, ಹಾಸ್ಟೆಲಿನಿಂದ ಬಂದ ಮಗ ಹನ್ನೊಂದರವರೆಗೆ ನಿದ್ದೆ. ಹಾಲಿನ ಪ್ಯಾಕೆಟ್ಟನ್ನು ಸಾಬೂನಿನಲ್ಲಿ ತೊಳೆಯುವುದು, ತರಕಾರಿಯನ್ನು ಅಡಿಗೆ ಸೋಡಾದಲ್ಲಿ ನೆನೆಸುವುದು. ಸಂಜೆ ಐದರಿಂದ ಕತ್ತಲಾಗುವವರೆಗೆ ಬಾಲ್ಕನಿಯ ನೆಲದಲ್ಲಿ ಕಾಲು ಚಾಚಿ ಕೌದಿ. ಆ ಎರಡು ತಾಸು ನನಗೆ ಅವ್ವನ ಜೊತೆ ಕೂತಂತೆ ಅನಿಸುತ್ತಿತ್ತು. ಸುಳ್ಳೇಕೆ ಹೇಳಲಿ, ಆ ವಾರಗಳಲ್ಲಿ ನಾನು ಸುಖವಾಗಿದ್ದೆ.

ಪಾತ್ರೆಗಳು ಮಾತ್ರ ಆ ಸುಖಕ್ಕೆ ಅಡ್ಡ ಬರುತ್ತಿದ್ದವು. ಮೂವರ ಮನೆಯಲ್ಲಿ ದಿನಕ್ಕೆ ಇಷ್ಟು ಪಾತ್ರೆ ಬೀಳುತ್ತವೆ ಎಂದು ಹದಿನೆಂಟು ವರ್ಷ ಸಂಸಾರ ಮಾಡಿದ ನನಗೆ ಆಗ ಗೊತ್ತಾಯಿತು. ಸೂಜಿ ಚುಚ್ಚಿದ ಬೆರಳು ಸಾಬೂನಿಗೆ ಉರಿಯುತ್ತಿತ್ತು. ನಮ್ಮ ಮನೆಗೆ ಬರುತ್ತಿದ್ದಾಕೆ ಇದೇ ಕೆಲಸವನ್ನು ಐದು ಮನೆಗಳಲ್ಲಿ ಮಾಡುತ್ತಿದ್ದಳು.

ಆಕೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ. ಉಳಿದ ನಾಲ್ಕು ಮನೆಗಳಲ್ಲಿ ಮುರುಕು ಮರಾಠಿ, ನಮ್ಮಲ್ಲಿ ಮಾತ್ರ ಕನ್ನಡ. ನಮ್ಮ ಮನೆಗೆ ಕಡೆಗೆ ಬರುತ್ತಿದ್ದಳು, ಯಾಕೆಂದರೆ ಕೆಲಸ ಮುಗಿಸಿ ಒಂದು ಚಹಾ ಕುಡಿದು ಮಾತಾಡಬಹುದಿತ್ತು. ‘ಇಲ್ಲಿ ಬಂದರ ಊರಾಗ ಬಂದಂಗ ಆಗತೈತ್ರಿ’ ಎನ್ನುತ್ತಿದ್ದಳು. ಕೇಳಲು ನನಗೂ ಹಿತವಾಗುತ್ತಿತ್ತು.

ಏಪ್ರಿಲ್ ಮೊದಲ ವಾರ, ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್ ಹಾಕಿಕೊಳ್ಳಿ ಎಂದು ಸರಕಾರವೇ ಹೇಳಿತು. ಅಂಗಡಿಗಳೆಲ್ಲ ಮುಚ್ಚಿದ್ದವು. ನನ್ನ ಬಳಿ ಒಂದು ಟ್ರಂಕು ಹತ್ತಿ ಬಟ್ಟೆ ಇತ್ತು. ಮೊದಲು ನನ್ನ ಹಳೆಯ ಚೂಡಿದಾರದ ಮೇಲುಹೊದಿಕೆಗಳನ್ನು ಕತ್ತರಿಸಿದೆ. ಅವು ಮುಗಿದಾಗ ಅವ್ವನ ಸೀರೆಯ ಮುಂದೆ ಕತ್ತರಿ ಹಿಡಿದು ಕೂತೆ. ಒಂದು ಸಂಜೆ ಹಾಗೆಯೇ ಹೋಯಿತು. ಕೌದಿಗೆ ಕತ್ತರಿಸುವಾಗ ಕೈ ನಡುಗಿರಲಿಲ್ಲ. ಆ ತುಂಡುಗಳು ಮನೆಯಲ್ಲೇ ಉಳಿಯುವಂಥವು. ಮಾಸ್ಕಿಗೆ ಹೋದ ತುಂಡು ಯಾರದೋ ಬಾಯಿಯ ಮೇಲೆ ಕೂತು, ಬೆವರಿನಲ್ಲಿ ತೊಯ್ದು, ಕಡೆಗೆ ಕಸದ ಗಾಡಿಗೆ ಹೋಗುವಂಥದ್ದು.

ಹೊಲಿಯುತ್ತ ಹೊಲಿಯುತ್ತ ಒಂದು ವಿಷಯ ಹೊಳೆಯಿತು. ಬಟ್ಟೆಯ ಮಾಸ್ಕು ತೊಟ್ಟವರನ್ನು ಕಾಯುವುದು ಅಷ್ಟಕ್ಕಷ್ಟೆ, ತೊಟ್ಟವರ ಬಾಯಿಯ ತುಂತುರು ಎದುರಿನವರಿಗೆ ತಾಗದಂತೆ ತಡೆಯುವುದೇ ಅದರ ಮುಖ್ಯ ಕೆಲಸ ಎಂದು ಆಗ ಹೇಳುತ್ತಿದ್ದರು. ನಾವು ತೊಡುವ ಬೇರೆ ಯಾವ ಬಟ್ಟೆ ಹಾಗಿದೆ? ಸೀರೆ, ಸ್ವೆಟರು, ಕೌದಿ ಎಲ್ಲವೂ ನಮ್ಮ ಮಾನಕ್ಕೆ, ನಮ್ಮ ಚಳಿಗೆ. ಇದೊಂದನ್ನು ಮಾತ್ರ ಇನ್ನೊಬ್ಬರಿಗೋಸ್ಕರ ತೊಡಬೇಕು. ಈ ವಿಚಾರ ನನಗೆ ಬಹಳ ಹಿಡಿಸಿತು. ಎರಡು ಇಳಕಲ್ ಸೀರೆಯ ಮೈ ಕತ್ತರಿಸಿದೆ. ಒಂದು ಸೀರೆಗೆ ನಲವತ್ತರ ಸುತ್ತ ಮಾಸ್ಕು. ಇಲಾಸ್ಟಿಕ್ ಸಿಗದ್ದಕ್ಕೆ ಲಂಗದ ಲಾಡಿ. ಸೆರಗುಗಳನ್ನು ಕೌದಿಗೆ ಇಟ್ಟುಕೊಂಡೆ. ವಾಚ್‌ಮನ್‌ಗಳಿಗೆ, ಕಸ ಒಯ್ಯುವವರಿಗೆ, ತರಕಾರಿ ಗಾಡಿಯವರಿಗೆ ಹಂಚಿದೆ. ಯಾರೋ ಫೋಟೋ ತೆಗೆದು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಹೂಗುಚ್ಛಗಳು, ಮುಗಿದ ಕೈಗಳು. ನಾನೂ ಆ ಫೋಟೋವನ್ನು ನಾಲ್ಕಾರು ಸಲ ನೋಡಿಕೊಂಡೆ.

ಏಪ್ರಿಲ್ 5ರ ಭಾನುವಾರ ಸಂಜೆ ಸೊಸೈಟಿಯ ಸಭೆ ಜೂಮ್‌ನಲ್ಲಿ ನಡೆಯಿತು. ಅದು ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಹಚ್ಚಬೇಕಿದ್ದ ದಿನ, ಹಾಗಾಗಿ ಎಲ್ಲರಿಗೂ ಅವಸರ. ಕೆಲಸದವರನ್ನು ಒಳಗೆ ಬಿಡಬಾರದು ಎಂಬುದು ಆಗಲೇ ತೀರ್ಮಾನವಾಗಿತ್ತು. ಪಗಾರದ ಪ್ರಶ್ನೆ ಬಂತು. ಬಾರದ ದಿನಗಳಿಗೆ ಕೊಡುವುದು ಬೇಡ, ಬೇಕಾದರೆ ರೇಶನ್ ಕೊಡೋಣ. ಆದರೆ ಎಲ್ಲರೂ ಒಂದೇ ರೀತಿ ನಡೆದುಕೊಳ್ಳೋಣ, ಒಬ್ಬರು ಕೊಟ್ಟು ಉಳಿದವರಿಗೆ ತೊಂದರೆ ಮಾಡಬಾರದು ಎಂದು ಒಬ್ಬರು ಹೇಳಿದರು. ಮಾರ್ಚ್ 29ರ ಗೃಹ ಸಚಿವಾಲಯದ ಆದೇಶ ಲಾಕ್‌ಡೌನಿನಲ್ಲಿ ಸಂಬಳ ಕಡಿಯಬಾರದು ಎಂದಿತ್ತು ನಿಜ, ಆದರೆ ಅದರಲ್ಲಿದ್ದದ್ದು ಕೈಗಾರಿಕೆ, ಅಂಗಡಿ, ವಾಣಿಜ್ಯ ಸಂಸ್ಥೆಗಳ ಮಾತು. ಪಾತ್ರೆ ತೊಳೆಯುವವರ ಮನೆಯೊಡತಿ ಅದರಲ್ಲಿ ಬರುತ್ತಿರಲಿಲ್ಲ. ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಉಳಿದವರೂ ಹಾಗೆಯೇ ಕಾದಿರಬಹುದು. ನನ್ನ ಮೈಕ್ ಮ್ಯೂಟ್‌ನಲ್ಲಿತ್ತು. ನಾನು ಅದನ್ನು ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಾಯಿತು ಎಂದು ಸಭೆ ಮುಗಿಸಿದರು.

ಆ ತಿಂಗಳು ಆಕೆಯ ಪೂರ್ತಿ ಪಗಾರವನ್ನು ನಾನು ಕಳುಹಿಸಿದೆ. ಯಾರಿಗೂ ಹೇಳಲಿಲ್ಲ. ಗುಟ್ಟಾಗಿ ಮಾಡಿದ ಒಳ್ಳೆಯ ಕೆಲಸ ಹೆಚ್ಚು ಒಳ್ಳೆಯದು ಅಂತಲೇ ನಮ್ಮನ್ನು ಬೆಳೆಸಿದ್ದಾರೆ. ಆದರೆ ಈ ಗುಟ್ಟು ವಿನಯದ್ದಲ್ಲ, ಅಂಜಿಕೆಯದ್ದು ಎಂದು ನನಗೆ ಗೊತ್ತಿತ್ತು.

ವಾರದ ಮೇಲೆ ಆಕೆಯ ಫೋನು. ಹಣ ತಲುಪಿತು ಎಂದಳು, ಮಾಸ್ಕ್ ಕಳಿಸಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಸ್ಕ್ ಬ್ಯಾಡ್ರಿ ಅಕ್ಕಾರ. ಉಳಿದ ನಾಕ ಮನಿಯವರು ಫೋನ್ ಎತ್ತವಲ್ರು. ನಿಮ್ಮೊಬ್ಬರ ರೊಕ್ಕದಾಗ ಹೆಂಗ ನಡೀತೈತಿ? ನೀವು ಅವರಿಗಿ ಒಂದ ಮಾತ ಹೇಳ್ರಿ. ನಮ್ಮೋರು ಅಂತ ಕೇಳಾಕತ್ತೀನಿ’ ಎಂದಳು.

ನೋಡೋಣ ಎಂದೆ. ಗಂಡನ ಹತ್ತಿರ ಹೇಳಿದಾಗ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಪಾಲಿನದನ್ನು ನಾವು ಕೊಟ್ಟಿದ್ದೇವೆ. ಅವರವರ ಮನೆಯ ವಿಷಯ ಅವರವರದು. ಯಾರ ನೌಕರಿ ಹೋಗಿದೆಯೋ, ಯಾರ ಸಂಬಳ ಅರ್ಧ ಆಗಿದೆಯೋ ನಮಗೇನು ಗೊತ್ತು? ಮೇಲಾಗಿ ಪರಊರು, ನಾಳೆ ಏನಾದರೂ ಆದರೆ ಇದೇ ಜನ ಬೇಕು. ಕಡೆಯ ಮಾತು ನನ್ನೊಳಗೂ ಇದ್ದದ್ದೇ. ವಾದಕ್ಕೆ ನಿಂತರೆ ನನ್ನ ಮರಾಠಿ ತೊದಲುತ್ತದೆ, ‘ನೀವು ಎಲ್ಲಿಯವರು’ ಎಂಬ ಪ್ರಶ್ನೆ ಎಲ್ಲಿಂದಲೋ ಬರುತ್ತದೆ. ನಮ್ಮಲ್ಲಿ ಅನೇಕರು ಹೊರನಾಡಿನಲ್ಲಿ ಹೀಗೆಯೇ ಒಳ್ಳೆಯ ನೆರೆಯವರಾಗಿ ಉಳಿದಿದ್ದೇವೆ. ಕನ್ನಡದವಳು ಎಂದು ಆಕೆ ನನ್ನನ್ನು ಕೇಳಿದಳು. ಕನ್ನಡದವಳು ಎಂದೇ ನಾನು ಸುಮ್ಮನಿದ್ದೆ. ಇಬ್ಬರೂ ಪರದೇಶಿಗಳೇ, ಆದರೆ ಆ ಪರದೇಶಿತನ ನನಗೆ ನೆಪವಾಗಿ ಒದಗಿತು, ಆಕೆಗೆ ಹಸಿವಾಗಿ.

ಮತ್ತೆ ಕೌದಿಗೆ ಹೋದೆ. ಸುಮ್ಮನೆ ಕೂಡಬಾರದು, ಕೈ ಆಡುತ್ತಿರಬೇಕು ಎಂಬುದು ನಮ್ಮ ಮನೆಯ ಧರ್ಮ. ಕಾಯಕದ ಹೆಸರಿನಲ್ಲಿ ನಾವು ಇದನ್ನು ಬಹಳ ಎತ್ತರಕ್ಕೆ ಏರಿಸಿದ್ದೇವೆ. ಆದರೆ ಶರಣರು ಕಾಯಕವನ್ನು ಒಂಟಿಯಾಗಿ ಬಿಟ್ಟಿರಲಿಲ್ಲ, ಪಕ್ಕದಲ್ಲಿ ದಾಸೋಹವನ್ನು ಕೂರಿಸಿದ್ದರು. ಅದೂ ಸಾಲದೆಂದು ಆಯ್ದಕ್ಕಿ ಲಕ್ಕಮ್ಮನ ಕಥೆ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಗಂಡ ಒಂದು ದಿನ ಹೆಚ್ಚು ತಂದಾಗ ಹಿಂದಕ್ಕೆ ಸುರಿದು ಬಾ ಎಂದವಳು ಆಕೆ. ಚಿಕ್ಕವಳಿದ್ದಾಗ ಈ ಕಥೆಯನ್ನು ಅಕ್ಕಿಯ ಕಥೆಯೆಂದೇ ಕೇಳಿದ್ದೆ. ಆ ಏಪ್ರಿಲ್‌ನಲ್ಲಿ ನನಗೆ ಕಂಡದ್ದು ಬೇರೆ: ಆಕೆ ಬಾಯಿ ತೆರೆದಳು. ತನ್ನ ಪಾಲಿನ ಹಿಡಿ ಅಕ್ಕಿಯನ್ನಷ್ಟೇ ಬೇಯಿಸಿ, ಉಳಿದದ್ದು ಗಂಡನ ವಿಷಯ ಎಂದು ಸುಮ್ಮನಿರಬಹುದಿತ್ತು. ಮನೆಯೊಳಗೆ ಶುದ್ಧವಾಗಿದ್ದರೆ ಸಾಕು ಎನ್ನುವುದಾದರೆ ಹಾಗೆ ಮಾಡಿದ್ದರೂ ಆಕೆಯ ಶುದ್ಧಿಗೆ ಕೊರತೆಯಿರಲಿಲ್ಲ.

ಮಾಸ್ಕುಗಳ ಬಗ್ಗೆ ನಾನು ಕಟ್ಟಿಕೊಂಡಿದ್ದ ಚೆಂದದ ವಿಚಾರವೂ ಆಗ ಹುಳಿಯಾಯಿತು. ಇನ್ನೊಬ್ಬರಿಗೋಸ್ಕರದ ಬಟ್ಟೆ ಎಂದು ಎಂಬತ್ತು ಹೊಲಿದೆನಲ್ಲ, ಅದರಲ್ಲಿ ಎಷ್ಟು ಇನ್ನೊಬ್ಬರಿಗೋಸ್ಕರ, ಎಷ್ಟು ಆ ಒಂದು ಮಾತನ್ನು ಆಡದಿರುವುದಕ್ಕೆ ಕಟ್ಟಿದ ದಂಡ? ಮಾಸ್ಕುಗಳು ಸುಳ್ಳಲ್ಲ. ವಾಚ್‌ಮನ್ನರು ಅವನ್ನು ತೊಟ್ಟರು, ಅವರಿಗೆ ಅವು ಬೇಕಿದ್ದವು. ನಿಜವಾದ ಒಂದು ಒಳ್ಳೆಯ ಕೆಲಸ ಇನ್ನೊಂದು ಕೆಲಸದಿಂದ ತಪ್ಪಿಸಿಕೊಳ್ಳುವ ಮರೆಯೂ ಆಗಬಹುದು ಎಂಬುದೇ ನನ್ನನ್ನು ಗೊಂದಲಕ್ಕೆ ಕೆಡವಿತು. ಕೆಟ್ಟ ಕೆಲಸವಾಗಿದ್ದರೆ ಕಂಡುಹಿಡಿಯುವುದು ಸುಲಭವಿತ್ತು.

ಮೇ 8ರ ಬೆಳಗ್ಗೆ ಔರಂಗಾಬಾದ್ ಹತ್ತಿರದ ಕರ್ಮಾಡದ ಸುದ್ದಿ ಬಂತು. ಜಾಲನಾದ ಉಕ್ಕಿನ ಕಾರ್ಖಾನೆಯಿಂದ ಮಧ್ಯಪ್ರದೇಶದ ತಮ್ಮ ಊರುಗಳಿಗೆಂದು ನಡೆದು ಹೊರಟವರು ಹಳಿಗಳ ಮೇಲೆ ಮಲಗಿದ್ದರು. ಗೂಡ್ಸ್ ರೈಲು ಹಾಯಿತು. ಹದಿನಾರು ಜನ. ಹಳಿಗಳ ನಡುವೆ ಅವರು ಕಟ್ಟಿಕೊಂಡು ಹೊರಟಿದ್ದ ರೊಟ್ಟಿಗಳು ಚೆಲ್ಲಿದ್ದ ಫೋಟೋ ಎಲ್ಲರ ಫೋನಿನಲ್ಲಿತ್ತು.

ಆ ಸಂಜೆ ಕೌದಿಯ ನಡುವೆ ಅಂಗೈಯಗಲ ಉಳಿದಿತ್ತು. ಬೆಳಗಿನ ಒಂದು ರೊಟ್ಟಿ ಡಬ್ಬಿಯಲ್ಲಿತ್ತು. ಮುರಿದು ತಂದು ಕೂತೆ. ಇಡಲು ಆಗಲಿಲ್ಲ.

ರಾತ್ರಿ ಗುಂಪಿನಲ್ಲಿ ಬರೆದೆ. ಮರಾಠಿಯಲ್ಲಿ ಬರೆದು, ಮಗನಿಗೆ ತೋರಿಸಿ, ಎರಡು ಕಡೆ ತಿದ್ದಿಸಿಕೊಂಡು ಕಳಿಸಿದೆ. ನಾನು ಎರಡು ತಿಂಗಳಿಂದ ಪೂರ್ತಿ ಪಗಾರ ಕೊಡುತ್ತಿದ್ದೇನೆ, ಸಭೆಯಲ್ಲಿ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ. ಕೊಡಬಲ್ಲವರು ಕೊಡಿ ಎಂದಷ್ಟೆ. ತುಂಬ ಹೊತ್ತು ಯಾವ ಸದ್ದೂ ಇಲ್ಲ. ಆಮೇಲೆ ಒಬ್ಬರು ಬರೆದರು: ನಾವೂ ಕೊಡುತ್ತಿದ್ದೇವೆ, ಹೇಳಿರಲಿಲ್ಲ. ಇನ್ನೊಬ್ಬರೂ ಹಾಗೆಯೇ. ಒಬ್ಬರು ನೌಕರಿ ಹೋಗಿರುವುದನ್ನು ಅಲ್ಲೇ ಮೊದಲ ಸಲ ಹೇಳಿಕೊಂಡರು. ಮತ್ತೊಬ್ಬರು, ಫೋಟೋ ಬಂದದ್ದು ಸಾಲಲಿಲ್ಲವೇ ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ.

ಆಕೆಯ ನಾಲ್ಕು ಮನೆಗಳಲ್ಲಿ ಎರಡು ಕೊಟ್ಟವು. ಆ ಹಣ ತಲುಪುವ ಹೊತ್ತಿಗೆ ಆಕೆ, ಗಂಡ, ಇಬ್ಬರು ಮಕ್ಕಳು ಒಂದು ಟೆಂಪೋ ಹಿಡಿದು ಊರು ಸೇರಿ, ಅಲ್ಲಿಯ ಶಾಲೆಯೊಂದರಲ್ಲಿ ಕ್ವಾರಂಟೈನ್‌ನಲ್ಲಿದ್ದರು. ‘ಹೇಳಿದ್ರಂತಲ್ರಿ’ ಎಂದಳು ಫೋನಿನಲ್ಲಿ. ತಡವಾಯಿತು ಎಂದೆ. ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಶಾಲೆಯ ನೀರಿನ ಟಾಕಿ ಒಡೆದಿದೆ ಎಂದಳು.

ದೀಪಾವಳಿ ಕಳೆದ ಮೇಲೆ ವಾಪಸು ಬಂದಳು, ಆದರೆ ನಮ್ಮಲ್ಲಿಗಲ್ಲ. ರಸ್ತೆಯಾಚೆಯ ಸೊಸೈಟಿಯಲ್ಲಿ ಹೆಚ್ಚು ಪಗಾರ. ಆಗೀಗ ಬಸ್ ಸ್ಟಾಪಿನಲ್ಲಿ ಸಿಗುತ್ತಾಳೆ. ಮಳೆ, ಮಕ್ಕಳ ಶಾಲೆ, ಇಂಡಿಯ ನಿಂಬೆಹಣ್ಣಿನ ದರ ಇವುಗಳ ಬಗ್ಗೆ ಮಾತಾಡುತ್ತೇವೆ.

ಕೌದಿಯ ಹೊಟ್ಟೆಯನ್ನು ಜೂನ್‌ನಲ್ಲಿ ಹೊಲಿದೆ. ರೊಟ್ಟಿಗೆ ಇರುವೆ ಬರುತ್ತವೆ ಎಂದು ಗಂಡ ಹೇಳಿದ್ದರಿಂದ ನಾಲ್ಕು ಕಾಳು ಜೋಳ ಇಟ್ಟೆ. ಮಗ ಹೊದೆಯುತ್ತಾನೆ, ಭಾರ ಎಂದು ಗೊಣಗುತ್ತಾನೆ. ಟ್ರಂಕಿನಲ್ಲಿ ಇನ್ನೂ ಐದು ಸೀರೆಗಳಿವೆ.