ಉರಿಯುವ ಮನೆಯ ಗಳ

ಉರಿಯುವ ಮನೆಯಿಂದ ಗಳ ಹಿರಿದಂತೆ ಎಂದು ಕನ್ನಡದಲ್ಲಿ ಒಂದು ಗಾದೆಯುಂಟು. ನೆರೆಯವನ ಮನೆಗೆ ಬೆಂಕಿ ತಗುಲಿ ಅವನು ಗೋಳಿಡುತ್ತಿರುವಾಗ, ನೀರು ತರುವುದನ್ನು ಬಿಟ್ಟು ಚಾವಣಿಯ ಬಿದಿರನ್ನು ಎಳೆದುಕೊಂಡು ಹೋಗುವವನನ್ನು ಆ ಮಾತು ನಿಂದಿಸುತ್ತದೆ. ಆ ನಿಂದೆ ನ್ಯಾಯವಾದುದೇ. ಆದರೆ ಅದೇ ಬೆಂಕಿಯನ್ನು ಕಂಡು ಒಬ್ಬನು ಹಾಡು ಕಟ್ಟಿ, ಅದರಿಂದ ಹಣವನ್ನೂ ಕೀರ್ತಿಯನ್ನೂ ಪಡೆದರೆ ಅವನನ್ನು ಏನೆಂದು ಕರೆಯಬೇಕು? ಅವನೂ ಗಳ ಹಿರಿದವನೇ? ಅಥವಾ ಕಲಾವಿದನಿಗೆ ಬೇರೊಂದು ಧರ್ಮವುಂಟೆ?

ಈ ಪ್ರಶ್ನೆಯ ವಿಚಾರಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಒಂದು ತಕ್ಕ ನಿದರ್ಶನವಿದೆ. ಸ್ವಿಟ್ಜರ್ಲೆಂಡಿನಲ್ಲಿ ಜಿನೀವಾ ಸರೋವರದ ತೀರದಲ್ಲಿರುವ ಮೊಂಟ್ರೋ ಎಂಬ ಊರು ಸಂಗೀತೋತ್ಸವಕ್ಕೆ ಹೆಸರಾದುದು. ೧೯೭೧ನೆಯ ಇಸವಿ ಡಿಸೆಂಬರ್ ೪ರಂದು ಅಲ್ಲಿಯ ಕ್ಯಾಸಿನೊ ಭವನದಲ್ಲಿ ಅಮೆರಿಕದ ಫ್ರಾಂಕ್ ಝಾಪಾ ಅವರು ತಮ್ಮ ಮೇಳದೊಡನೆ ಕಚೇರಿ ನಡೆಸುತ್ತಿದ್ದರು. ಸಭಿಕರಲ್ಲಿ ಯಾರೋ ಒಬ್ಬನು, ಸಂಕೇತಕ್ಕಾಗಿ ಬೆಳಕನ್ನು ಹಾರಿಸುವ ಪಿಸ್ತೂಲನ್ನು ಚಾವಣಿಯ ಕಡೆಗೆ ಹಾರಿಸಿದನು. ಕಿಡಿ ಹತ್ತಿತು; ನೋಡುನೋಡುತ್ತಿರುವಂತೆಯೇ ಬೆಂಕಿ ಹಬ್ಬಿತು. ಝಾಪಾ ಅವರು ಶಾಂತರಾಗಿ ಹೊರಡುವಂತೆ ಜನರಿಗೆ ವೇದಿಕೆಯಿಂದಲೇ ಹೇಳಿದರು. ೧೯೬೭ರಲ್ಲಿ ಆ ಊರಿನ ಸಂಗೀತೋತ್ಸವವನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಕ್ಲೋದ್ ನೊಬ್ಸ್ ಎಂಬುವರು ಉರಿಯುವ ಭವನದೊಳಗೆ ಹೊಕ್ಕು ಎಳೆಯರನ್ನು ಹೊರಗೆ ಸೆಳೆದುಕೊಂಡರು. ಭವನವು ಬೂದಿಯಾಯಿತು, ದೈವಕೃಪೆಯಿಂದ ಒಂದು ಜೀವವೂ ಹೋಗಲಿಲ್ಲ.

ಆಗ ಇಂಗ್ಲೆಂಡಿನ ಡೀಪ್ ಪರ್ಪಲ್ ಎಂಬ ಮೇಳದ ಐವರು ಅದೇ ಊರಿನಲ್ಲಿದ್ದರು. ಕಚೇರಿಯಾದ ಬಳಿಕ ಕ್ಯಾಸಿನೊದಲ್ಲಿಯೇ ತಮ್ಮ ಹೊಸ ಹಾಡುಗಳನ್ನು ಮುದ್ರಿಸಬೇಕೆಂದು, ಧ್ವನಿಮುದ್ರಣದ ಯಂತ್ರಗಳನ್ನು ಹೊತ್ತ ಬಂಡಿಯೊಂದನ್ನು ಬಾಡಿಗೆಗೆ ತಂದಿದ್ದರು. ಸ್ಥಳವೇ ಸುಟ್ಟುಹೋಯಿತು. ಸರೋವರದ ನೀರಿನ ಮೇಲೆ ಹೊಗೆ ಹಾಸಿಕೊಂಡುದನ್ನು ಅವರು ಕಂಡರು. ಕೆಲವು ದಿನಗಳ ಮೇಲೆ ರೋಜರ್ ಗ್ಲೋವರ್ ಅವರು ನಿದ್ದೆಯಿಂದ ಏಳುವಾಗ ‘ನೀರಿನ ಮೇಲಣ ಹೊಗೆ’ ಎಂಬ ಅರ್ಥದ ಇಂಗ್ಲಿಷ್ ಮಾತೊಂದು ಅವರ ಬಾಯಿಗೆ ಬಂದಿತು. ‘ಸ್ಮೋಕ್ ಆನ್ ದ ವಾಟರ್’ ಎಂಬ ಹಾಡಿಗೆ ಅದೇ ಹೆಸರಾಯಿತು. ಬೇರೊಂದು ನಾಟಕಶಾಲೆಯಲ್ಲಿ ರಾತ್ರಿ ವಾದ್ಯಭಾಗವನ್ನು ಮುದ್ರಿಸುತ್ತಿರಲು, ಗದ್ದಲವನ್ನು ತಾಳಲಾರದ ನೆರೆಹೊರೆಯವರ ದೂರಿನ ಮೇಲೆ ಪೊಲೀಸರು ಬಂದು ಬಾಗಿಲು ಬಡಿದರು. ಕೊನೆಗೆ ಚಳಿಗಾಲಕ್ಕಾಗಿ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಮೊಗಸಾಲೆಯಲ್ಲಿ ಉಳಿದ ಕೆಲಸವು ನಡೆಯಿತು.

ಹಾಡು ೧೯೭೨ರಲ್ಲಿ ‘ಮೆಷೀನ್ ಹೆಡ್’ ಎಂಬ ಸಂಗ್ರಹದಲ್ಲಿ ಹೊರಬಂದಿತು. ಅದು ಇಷ್ಟು ಪ್ರಸಿದ್ಧವಾದೀತೆಂದು ರಚಿಸಿದವರೇ ಎಣಿಸಿರಲಿಲ್ಲ. ೧೯೭೩ರಲ್ಲಿ ಬಿಡಿಯಾಗಿ ಪ್ರಕಟವಾದಾಗ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ೪ನೆಯ ಸ್ಥಾನಕ್ಕೇರಿತು. ರಿಚಿ ಬ್ಲ್ಯಾಕ್‌ಮೋರ್ ಅವರು ಗಿಟಾರಿನಲ್ಲಿ ನುಡಿಸಿದ ಅದರ ಪಲ್ಲವಿಯಂಥ ಆರಂಭದಲ್ಲಿ ಇರುವುದು ನಾಲ್ಕೇ ಸ್ವರ. ಸಂಗೀತಾಭ್ಯಾಸಿಗೆ ಸರಳೆ ವರಸೆಯಿರುವಂತೆ, ಗಿಟಾರ್ ಹಿಡಿದ ಹುಡುಗರಲ್ಲಿ ಎಷ್ಟೋ ಮಂದಿಗೆ ಆ ನಾಲ್ಕು ಸ್ವರಗಳೇ ಮೊದಲ ಪಾಠವಾಗಿವೆ.

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಒಂದೇ ಬೆಂಕಿಯು ಇಬ್ಬರಿಗೆ ಎರಡು ಬಗೆಯಾಯಿತು. ಝಾಪಾ ಅವರ ವಾದ್ಯಗಳೆಲ್ಲ ಸುಟ್ಟುಹೋದವು. ಆರು ದಿನಗಳ ಮೇಲೆ, ಲಂಡನ್ನಿನಲ್ಲಿ, ಸಭಿಕನೊಬ್ಬನು ಅವರನ್ನು ವೇದಿಕೆಯಿಂದ ಕೆಡವಲಾಗಿ ಅವರು ಬಹುಕಾಲ ಗಾಲಿಕುರ್ಚಿಯಲ್ಲಿ ಕಳೆಯಬೇಕಾಯಿತು. ಅವರ ಪಾಲಿಗೆ ಆ ಡಿಸೆಂಬರು ಕೇವಲ ನಷ್ಟ; ಡೀಪ್ ಪರ್ಪಲ್ ಮೇಳದವರ ಪಾಲಿಗೆ ಜೀವಮಾನದ ಸಂಪತ್ತು. ಇದು ನ್ಯಾಯವೆ?

ಕ್ರೌಂಚಪಕ್ಷಿಯು ಬೇಡನ ಬಾಣಕ್ಕೆ ಬಿದ್ದಾಗ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂಬ ಕಥೆಯನ್ನು ಕೆಲವರು ಇಲ್ಲಿ ಸಮಾಧಾನವಾಗಿ ಹೇಳಬಹುದು. ಆದರೆ ಆ ಸಮಾಧಾನವು ಇಲ್ಲಿಗೆ ಹೊಂದುವುದಿಲ್ಲ. ಆದಿಕವಿಯು ಪಕ್ಷಿಯ ದುಃಖವನ್ನು ತನ್ನದನ್ನಾಗಿ ಮಾಡಿಕೊಂಡನು. ಅದರಿಂದ ಕರುಣರಸವು ಹುಟ್ಟಿತು. ಈ ಹಾಡನ್ನು ಕೇಳಿ ಯಾರೂ ಕಣ್ಣೀರಿಡುವುದಿಲ್ಲ. ಉತ್ಸಾಹದಿಂದ ತಲೆದೂಗಿ ಕುಣಿಯುತ್ತಾರೆ. ಆದುದರಿಂದ ಇದರ ಸಮರ್ಥನೆಯನ್ನು ಇದರಲ್ಲಿಯೇ ಹುಡುಕಬೇಕು.

ಹುಡುಕಿದರೆ ಮೊದಲು ಕಾಣುವುದು ಸತ್ಯ. ಇಯಾನ್ ಗಿಲನ್ ಅವರು ಹಾಡಿದ ಆ ಸಾಹಿತ್ಯದಲ್ಲಿ ಅಲಂಕಾರವೆಂಬುದು ಬಹು ಕಡಿಮೆ. ತಾವು ಏಕೆ ಬಂದರು, ಯಾರ ಕಚೇರಿ ನಡೆಯುತ್ತಿತ್ತು, ಬೆಂಕಿ ಹೇಗೆ ಬಿದ್ದಿತು, ಬಳಿಕ ಎಲ್ಲಿ ಹೋಗಿ ಕೆಲಸ ಮುಗಿಸಿದರು ಎಂಬಿಷ್ಟೇ ಅದರ ವಸ್ತು. ದಿನಚರಿಯನ್ನು ಓದಿದಂತೆ ಇದೆ. ತಾವು ವೀರರೆಂದು ಅವರು ಹೇಳಿಕೊಳ್ಳಲಿಲ್ಲ. ಎಳೆಯರನ್ನು ಕಾಪಾಡಿದ ನೊಬ್ಸ್ ಅವರನ್ನು ಹೆಸರಿನಿಂದ ಸ್ಮರಿಸಿದರು. ಬೆಂಕಿ ಹಚ್ಚಿದವನನ್ನು ಮೂಢನೆಂದು ಒಂದು ಮಾತಿನಲ್ಲಿ ಬೈದರೇ ಹೊರತು ಅವನ ಹೆಸರನ್ನೆತ್ತಲಿಲ್ಲ. ಉಪಕಾರಿಯ ಹೆಸರು ಉಳಿಯಬೇಕು, ಅಪರಾಧಿಯ ಹೆಸರು ಹಾಡಿನಲ್ಲಿ ಮೆರೆಯಬೇಕಾಗಿಲ್ಲ: ತಿಳಿದು ಮಾಡಿದರೋ ತಿಳಿಯದೆ ಮಾಡಿದರೋ, ಇದು ದೊಡ್ಡ ವಿವೇಕ. ಒಂದು ವೇಳೆ ಆ ದಿನ ಜೀವಹಾನಿಯಾಗಿದ್ದರೆ ಇದೇ ಉತ್ಸಾಹದ ಧಾಟಿಯು ಅಸಹ್ಯವಾಗುತ್ತಿತ್ತೆಂಬುದನ್ನೂ ಮರೆಯಲಾಗದು.

ಎರಡನೆಯದು ಋಣ. ಸತ್ಯವನ್ನು ಹೇಳಿದ ಮಾತ್ರಕ್ಕೆ ಲಾಭವೆಲ್ಲ ನಿರ್ದೋಷವಾಗುವುದಿಲ್ಲ. ವಿಪತ್ತಿನಿಂದ ಬಂದ ಸಂಪತ್ತು ಸ್ವಾರ್ಜಿತವಲ್ಲ, ಅದು ಸಾಲ. ೧೯೮೮ನೆಯ ಇಸವಿ ಡಿಸೆಂಬರ್ ೭ರಂದು ಆರ್ಮೇನಿಯಾ ದೇಶದಲ್ಲಿ ಭೂಕಂಪವಾಗಿ ಸುಮಾರು ೨೫,೦೦೦ ಜನರು ಮಡಿದರು. ಮರುವರ್ಷ ಗಿಲನ್, ಬ್ಲ್ಯಾಕ್‌ಮೋರ್ ಮೊದಲಾದವರು ಬೇರೆ ಬೇರೆ ಮೇಳಗಳ ಹೆಸರಾಂತ ಕಲಾವಿದರೊಡನೆ ಸೇರಿ ಇದೇ ಹಾಡನ್ನು ಹೊಸದಾಗಿ ಮುದ್ರಿಸಿ, ಸಂತ್ರಸ್ತರ ಸಹಾಯಕ್ಕೆ ಹಣ ಕೂಡಿಸಿದರು. ಗಿಲನ್ ಅವರು ಅಷ್ಟಕ್ಕೆ ಬಿಡಲಿಲ್ಲ. ೨೦೧೧ರಲ್ಲಿ, ಭೂಕಂಪದಿಂದ ನೊಂದ ಗ್ಯುಮ್ರಿ ಪಟ್ಟಣದ ಸಂಗೀತಶಾಲೆಯನ್ನು ಮರಳಿ ಕಟ್ಟುವುದಕ್ಕಾಗಿ, ಅದೇ ಕಾರ್ಯದಲ್ಲಿ ಜೊತೆಗೂಡಿದ್ದ ಟೋನಿ ಅಯೋಮಿ ಅವರೊಡನೆ ಬೇರೆ ಹಾಡು ಹಾಡಿ ಹಣ ಒದಗಿಸಿದರು.

ದಾನವು ಹಿಂದಿನದನ್ನೆಲ್ಲ ತೊಳೆಯುತ್ತದೆಂದು ಇದರ ಅರ್ಥವಲ್ಲ. ೧೯೯೩ರಲ್ಲಿ ತೀರಿಕೊಂಡ ಝಾಪಾ ಅವರ ನಷ್ಟವನ್ನು ಈ ಹಾಡು ತುಂಬಿಕೊಡಲಿಲ್ಲ. ತುಂಬಿಕೊಡುವುದು ಅದರ ಶಕ್ತಿಗೂ ಮೀರಿದ್ದು. ಲೋಕದ ಲೆಕ್ಕದಲ್ಲಿ ಇಂಥ ಬಾಕಿಗಳು ಉಳಿದೇ ಉಳಿಯುತ್ತವೆ. ಆದರೆ ಸಾಲ ಕೊಟ್ಟವನಿಗೇ ತೀರಿಸಲಾಗದ ಋಣವನ್ನು ಮತ್ತೊಬ್ಬ ಆರ್ತನಿಗೆ ಸಲ್ಲಿಸಬಹುದೆಂಬುದು ಹಿರಿಯರ ಮತ. ತಂದೆತಾಯಿಗಳ ಋಣವನ್ನು ಮಕ್ಕಳನ್ನು ಸಾಕಿಯೇ ತೀರಿಸಬೇಕಲ್ಲವೆ?

ಹಾಗಾದರೆ ಗಾದೆಯ ನಿಂದೆಯು ತಗಲುವುದು ಯಾರಿಗೆ? ಬೆಂಕಿಯನ್ನು ಬಯಸಿದವನಿಗೆ, ನೀರು ತರಬಲ್ಲವನಾಗಿದ್ದೂ ತರದವನಿಗೆ, ಗಳವನ್ನು ಕೊಂಡೊಯ್ದು ತನ್ನದೆಂದು ಮೆರೆದವನಿಗೆ. ಮನೆ ಉರಿದು ಬಿದ್ದಮೇಲೆ ಉಳಿದ ಗಳವನ್ನು ಎತ್ತಿಟ್ಟು, ಅದು ಯಾವ ಮನೆಯದೆಂದು ಮರೆಯದೆ ಹೇಳಿ, ಕುಸಿದ ಮತ್ತೊಂದು ಮನೆಗೆ ಅದನ್ನೇ ಆಸರೆಯಾಗಿ ನಿಲ್ಲಿಸಿದವನಿಗೆ ಆ ನಿಂದೆಯು ತಗಲದು.